ಬ್ಲ್ಯಾಕ್‌ಬರ್ನ್, ಆರ್ಥರ್ ಸೀಫೋರ್ತ್

1892-1960. ಆಸ್ಟ್ರೇಲಿಯದ ಸೇನಾನಿ, ನ್ಯಾಯವಾದಿ. ಅಡಿಲೇಡ್ ನಗರದ ಅಂಚಿನ ವುಡ್‌ವಿಲ್‌ನಲ್ಲಿ 1892ರ ನವೆಂಬರ್ 25ರಂದು ಜನಿಸಿದ. ತಂದೆ ಥಾಮಸ್ ಬ್ಲ್ಯಾಕ್‌ಬರ್ನ್ ಆಂಗ್ಲಿಕನ್ ಪಾದ್ರಿ. ಧರ್ಮಬೋಧೆಯ ಬಿಡುವಿನಲ್ಲಿ ಆ ಖಂಡದ ಜೀರುಂಡೆಗಳನ್ನು ಸಂಗ್ರಹಿಸಿ ವರ್ಣಿಸಿ ಕೀಟವಿಜ್ಞಾನದಲ್ಲಿ ಹೆಸರು ಉಳಿಸಿಕೊಂಡವನು. ಆರ್ಥರ್ ಸೇಂಟ್ ಪೀಟರ್ಸ್ ಕಾಲೇಜಿನಲ್ಲೂ ಅಡಿಲೇಡ್ ವಿಶ್ವವಿದ್ಯಾನಿಲಯದಲ್ಲೂ ವ್ಯಾಸಂಗಮಾಡಿ 1913ರಲ್ಲಿ ವಕೀಲನಾದ. ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಗಲು, ಅಧಿಕಾರಿಯ ಪದವಿಗೆ ಕಾಯದೆ, ಸಾಮಾನ್ಯ ಸಿಪಾಯಿಯಾಗಿ 10ನೆಯ ಪದಾತಿದಳವನ್ನು ಸೇರಿದ.

1915ರ ಏಪ್ರಿಲ್ 25ರ ಮುಂಜಾವದಲ್ಲಿ ಗ್ಯಾಲಿಪೊಲಿಯ ತೀರದಲ್ಲಿ ಇಳಿದ ಸೈನಿಕರ ಪೈಕಿ, ಶತ್ರುವಿನ ನೆಲದೊಳಕ್ಕೆ ಎಲ್ಲರಿಗಿಂತ ಮುಂದೆ ಹೋದವರು ಪ್ರಾಯಶಃ ಈತನೂ ಈತನ ಸಂಗಡಿಗ ಫಿಲಿಪ್ ರಾಬಿನ್ನನೂ ಎಂಬುದು ಯುದ್ಧೇತಿಹಾಸಕಾರ ಚಾರ್ಲ್ಸ್ ಬೀನ್‌ನ ನಿರ್ಣಯ. ರಾಬಿನ್ ಅದೇ ವಾರ ಮಡಿದ. ಬ್ಲ್ಯಾಕ್‌ಬರ್ನ್ ಉಳಿದು, ಆಗಸ್ಟಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದ.

ಈತನ ಕೀರ್ತಿಗೆ ಮೂಲವಾದುದು 1916ರ ಜುಲೈ 23ರಂದು ಫ್ರಾನ್ಸಿನ ಪೋಜಿಯೇರ್ ಗ್ರಾಮದಲ್ಲಿ ನಡೆದ ಕಾಳಗ. ಶತ್ರುವಿನ ಬಲವಾದ ನೆಲೆಯೊಂದನ್ನು ತೆರವು ಮಾಡಿಸಲೆಂದು ಐವತ್ತು ಜನರೊಡನೆ ಕಳುಹಿಸಲ್ಪಟ್ಟ ಈ ತರುಣ, ಕೈಬಾಂಬು ಎಸೆಯುವವರ ತಂಡಗಳನ್ನು ಒಂದರ ಹಿಂದೊಂದರಂತೆ ನಾಲ್ಕು ಬಾರಿ ತಾನೇ ಮುಂದೆ ನಿಂತು ನಡೆಸಿ, ಪಕ್ಕದಲ್ಲಿದ್ದವರು ಉರುಳುತ್ತಿದ್ದರೂ ಹಿಂಜರಿಯದೆ, 250 ಗಜದಷ್ಟು ಕಂದಕವನ್ನು ವಶಪಡಿಸಿಕೊಂಡ. ಬಳಿಕ ಒಬ್ಬ ಸಾರ್ಜೆಂಟನೊಡನೆ ತೆವಳಿಕೊಂಡು ಹೋಗಿ ಮುಂದಿನ ನೆಲವನ್ನು ಕಂಡುಬಂದು, ಮತ್ತೆ ಎರಗಿ, ಇನ್ನೂ 120 ಗಜವನ್ನು ಗೆದ್ದು ಎಡಮಗ್ಗುಲಿನ ದಳದೊಡನೆ ಸಂಪರ್ಕ ಕಲ್ಪಿಸಿದ. ಇಂದಿನ ನಮ್ಮ ಪರಮವೀರ ಚಕ್ರದ ಸ್ಥಾನದಲ್ಲಿದ್ದ ವಿಕ್ಟೋರಿಯ ಕ್ರಾಸ್ ಈ ಸಾಹಸಕ್ಕಾಗಿ ಸಂದಿತು. ಆ ಯುದ್ಧದಲ್ಲಿ ದಕ್ಷಿಣ ಆಸ್ಟ್ರೇಲಿಯಕ್ಕೆ ಬಂದ ಮೊದಲ ವಿಕ್ಟೋರಿಯ ಕ್ರಾಸ್ ಇದು.

ಅಸ್ವಸ್ಥನಾಗಿ ತಾಯ್ನಾಡಿಗೆ ಮರಳಿದ ಈತ 1917ರ ಮಾರ್ಚಿನಲ್ಲಿ ರೋಸ್ ಏಡಾ ಕೆಲ್ಲಿಯನ್ನು ವರಿಸಿದ. ಇಬ್ಬರು ಗಂಡು, ಇಬ್ಬರು ಹೆಣ್ಣುಮಕ್ಕಳಾದರು. 1918ರಿಂದ 1921ರವರೆಗೆ ಶಾಸನಸಭೆಯ ಸದಸ್ಯನಾಗಿದ್ದುದಲ್ಲದೆ, ಯುದ್ಧದಿಂದ ಮರಳಿದ ಸೈನಿಕರ ಸಂಘದ ಪ್ರಾಂತಶಾಖೆಗೆ ಅಧ್ಯಕ್ಷನೂ ಆದ. 1933ರಿಂದ ಅಡಿಲೇಡ್ ನಗರದ ಕರೋನರ್ ಆಗಿ ಅಸಹಜ ಮರಣಗಳ ವಿಚಾರಣೆ ನಡೆಸಿದ.

ನಲವತ್ತೇಳರ ಪ್ರಾಯದಲ್ಲಿ, ಮನೆಯಲ್ಲಿ ನೆಮ್ಮದಿಯಿಂದಿರಲು ಯಾರ ಅಡ್ಡಿಯೂ ಇಲ್ಲದಿದ್ದಾಗ, 1940ರಲ್ಲಿ ಈತ ಪುನಃ ಸಮವಸ್ತ್ರ ಧರಿಸಿ 2/3ನೆಯ ಮೆಷಿನ್‌ಗನ್ ದಳವನ್ನು ಕಟ್ಟಿದ. ಸಿರಿಯದ ದಂಡಯಾತ್ರೆಯಲ್ಲಿ 1941ರ ಜೂನ್ 21ರಂದು ಡಮಾಸ್ಕಸ್ ನಗರದ ಶರಣಾಗತಿಯನ್ನು ಸ್ವೀಕರಿಸಿದವನು ಈತನೇ. ಎಂಟು ತಿಂಗಳು ಕಳೆಯುವಷ್ಟರಲ್ಲಿ ವಿಧಿ ತಿರುಗಿತು. 1942ರ ಫೆಬ್ರವರಿಯಲ್ಲಿ ಜಾವದಲ್ಲಿ ಇಳಿದ ಸುಮಾರು ಮೂರು ಸಾವಿರ ಆಸ್ಟ್ರೇಲಿಯನರನ್ನು ಬ್ರಿಗೇಡಿಯರ್ ಆಗಿ ಈತನ ಅಧೀನಕ್ಕೆ ಒಪ್ಪಿಸಲಾಯಿತು. ಆ ಸೈನ್ಯಕ್ಕೆ ಬ್ಲ್ಯಾಕ್‌ಫೋರ್ಸ್ ಎಂದು ಹೆಸರು. ಬಾಂದೂಂಗಿನತ್ತ ಹಿಮ್ಮೆಟ್ಟುತ್ತಿದ್ದ ಡಚ್ಚರಿಗೆ ಕಾಲಾವಕಾಶ ದೊರೆಯಲೆಂದು ಇವರು ಲ್ಯೂವಿಲಿಯಾಂಗಿನ ನದೀದಾಟಿನಲ್ಲಿ ಜಪಾನೀಯರನ್ನು ತಡೆದು ನಿಂತರು. ಆದರೆ ಡಚ್ಚರೇ ಮಾರ್ಚ್ 8ರಂದು ಶಸ್ತ್ರ ಕೆಳಗಿಟ್ಟರು. ಮಳೆಗಾಲದ ಬೆಟ್ಟಗಳಲ್ಲಿ ಔಷಧವಾಗಲಿ ಆಸರೆಯಾಗಲಿ ಇಲ್ಲದೆ ಸೈನ್ಯವನ್ನು ನಡೆಸುವುದು ಸಾಧ್ಯವಿಲ್ಲವೆಂದು ಕಂಡು, ಬ್ಲ್ಯಾಕ್‌ಬರ್ನ್ 12ರಂದು ಶರಣಾಗತಿಗೆ ಸಹಿ ಹಾಕಿದ. ಎದುರಾಳಿಯ ಕಂದಕಕ್ಕೆ ನುಗ್ಗುವುದಕ್ಕೆ ಬೇಕಾದ ಧೈರ್ಯಕ್ಕಿಂತ, ತನ್ನನ್ನು ನಂಬಿದ ಸಾವಿರಾರು ಜನರ ಪ್ರಾಣಕ್ಕಾಗಿ ಈ ಸಹಿಯನ್ನು ಹಾಕಲು ಬೇಕಾದ ಧೈರ್ಯ ಹಿರಿದೆಂದೇ ಹೇಳಬೇಕು.

ಬಂಧಿತರಲ್ಲಿ ಅನೇಕರು ಬರ್ಮ-ಸಯಾಂ ರೈಲುದಾರಿಯ ಕೆಲಸದಲ್ಲಿ ಪ್ರಾಣಬಿಟ್ಟರು. ಫಾರ್ಮೋಸ, ಮಂಚೂರಿಯಗಳ ಸೆರೆಗಳಲ್ಲಿ ಕೃಶನಾದ ಈತ 1945ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಹೊಂದಿ ಹೆಂಡತಿಮಕ್ಕಳನ್ನು ಸೇರಿದ. ಜಾವದ ಸೇವೆಗಾಗಿ ಸಿ.ಬಿ.ಇ. ಪದವಿ ದೊರೆಯಿತು. 1947ರಿಂದ 1955ರವರೆಗೆ ಕೈಗಾರಿಕಾ ವಿವಾದಗಳ ಸಂಧಾನ ನ್ಯಾಯಾಲಯದ ಕಮಿಷನರ್ ಆಗಿದ್ದ.

ಮಗ ರಿಚರ್ಡ್ ನ್ಯಾಯಾಧೀಶನಾದ. ಉತ್ತರ ಪ್ರಾಂತದ ಯೋಲ್ಂಗು ಮೂಲನಿವಾಸಿಗಳು ತಮ್ಮ ಭೂಮಿಗಾಗಿ ಹೂಡಿದ ಗೋವ್ ಮೊಕದ್ದಮೆಯಲ್ಲಿ 1971ರಲ್ಲಿ ತೀರ್ಪು ಕೊಟ್ಟವನು ಇವನೇ: ಅವರ ಕಟ್ಟಳೆಗಳೂ ಕಾನೂನೇ ಎಂದು ಒಪ್ಪಿದರೂ ಭೂಸ್ವಾಮ್ಯದ ಹಕ್ಕನ್ನು ನಿರಾಕರಿಸಿದ. ಮುಂದೆ 1992ರ ಮಾಬೋ ಮೊಕದ್ದಮೆಯ ತೀರ್ಪು ಈ ನಿಲುವನ್ನು ತಳ್ಳಿಹಾಕಿತು.

ಆರ್ಥರ್ ಬ್ಲ್ಯಾಕ್‌ಬರ್ನ್ 1960ರ ನವೆಂಬರ್ 24ರಂದು ಅಡಿಲೇಡಿನ ಬೆಟ್ಟಸಾಲಿನ ಕ್ರೇಫರ್ಸ್‌ನಲ್ಲಿ ನಿಧನನಾದ. ಸಕಲ ಸೈನಿಕ ಗೌರವದೊಡನೆ ಅಡಿಲೇಡಿನ ವೆಸ್ಟ್ ಟೆರೇಸ್ ರುದ್ರಭೂಮಿಯಲ್ಲಿ ಸಮಾಧಿ ಮಾಡಲಾಯಿತು.