ಕಪಾಟಿನ್ಯಾಗಿನ ಈಜಿಪ್ತಿನ ರಾಣ್ಯಾರು

ನಮ್ಮ ಮನಿಗೆ ಬಂದವರು ಗಾಜಿನ ಕಪಾಟಿನ ಮುಂದ ನಿಂತು ಕೇಳೋ ಮಾತು ಒಂದೇ, "ವೈನಿ, ಈ ವಯಸ್ಸಿನ್ಯಾಗ ಗೊಂಬಿ ಯಾಕ್ರೀ?" ಒಬ್ಬೊಬ್ಬರಿಗೆ ಹೇಳಿ ಸಾಕಾಗೇದ, ಅದಕ್ಕ ಇಲ್ಲೇ ಬರದುಬಿಡ್ತೀನಿ. ಇರೋವು ಮೂರೇ. ಮಗಳು ಅಮೆರಿಕಾದ ಹಳೇ ಸಾಮಾನಿನ ಅಂಗಡಿಗಳೊಳಗ ಹುಡುಕಿ, ರಜಾಕ್ಕ ಬಂದಾಗೊಮ್ಮೆ ಒಂದೊಂದು ತಂದಾಳ. ಮೂರೂ ಈಜಿಪ್ತಿನ ವೇಷದವು.

ಮೊದಲನೇದು ಬಾರ್ಬಿ. ಬಾರ್ಬಿ ಹುಟ್ಟಿದ್ದು 1959ರಾಗ, ಹುಡುಗ್ಯಾರು ಆಡ್ಲಿ ಅಂತ. ಆದ್ರ 1990ರ ದಶಕದಾಗ ದೊಡ್ಡ ಹೆಂಗಸರು ಕೊಂಡು ಇಟ್ಕೊಳ್ಳೋವಂಥ ತುಟ್ಟಿ ಗೊಂಬಿಗಳು ಸಾಲಸಾಲಾಗಿ ಬಂದ್ವು. ಒಂದೊಂದು ಕಾಲದ ವೇಷ ಹಾಕಿದ 'ಗ್ರೇಟ್ ಎರಾಸ್' ಅನ್ನೋ ಸಾಲಿನ್ಯಾಗ 1994ರ ಸುಮಾರಿಗೆ ಬಂದಾಕಿ ಈ 'ಈಜಿಪ್ಷಿಯನ್ ಕ್ವೀನ್'. ಯಾವ ರಾಣಿ? ಹೆಸರೇ ಇಲ್ಲ. ಸುಮ್ಮನ 'ಈಜಿಪ್ತಿನ ರಾಣಿ', ಅಷ್ಟ.

ಈಜಿಪ್ತೇ ಯಾಕ ಅಂದ್ರ, ಆ ಹುಚ್ಚು ಹಳೇದು. 1922ರಾಗ ಹೊವಾರ್ಡ್ ಕಾರ್ಟರ್ ಟುಟಾಂಖಾಮನ್ ರಾಜನ ಗೋರಿ ಹುಡುಕಿದ ಮ್ಯಾಲ ಯುರೋಪು, ಅಮೆರಿಕಾದ ಹೆಂಗಸರ ಬಟ್ಟಿ, ಒಡವಿ, ಪೌಡರ್ ಡಬ್ಬಿ ಎಲ್ಲಾದ್ರ ಮ್ಯಾಲೂ ಈಜಿಪ್ತಿನ ಚಿತ್ರ ಬಂದ್ವು. 1976ರಿಂದ 1979ರ ತನಕಾ ಆ ಗೋರಿಯ ಸಾಮಾನು ಅಮೆರಿಕಾದ ಊರೂರಿಗೆ ಪ್ರದರ್ಶನಕ್ಕ ಹೋದಾಗ ಸುಮಾರು 80 ಲಕ್ಷ ಮಂದಿ ನೋಡಿದ್ರು. ಅವತ್ತು ಅವ್ವನ ಕೈ ಹಿಡಕೊಂಡು ಪಾಳಿ ಹಚ್ಚಿದ್ದ ಹುಡುಗ್ಯಾರು 1994ರ ಹೊತ್ತಿಗೆ ತಾವೇ ಗಳಿಸೋ ಹೆಂಗಸರಾಗಿದ್ರು. ಗೊಂಬಿ ಕೊಂಡವರು ಅವರೇ ಇರಬೇಕು ಅಂತ ನನ್ನ ಅಂದಾಜು.

ಎರಡನೇದಕ್ಕ ಹೆಸರದ, ಆದ್ರ ಆ ಹೆಸರಿನ್ಯಾಗೇ ಮಜಾ ಅದ. 'ಕ್ಲಿಯೋಪಾತ್ರ ವೇಷದ ಎಲಿಜಬೆತ್ ಟೇಲರ್', 1999ರದ್ದು. 1963ರ ಸಿನಿಮಾದಾಗ ಟೇಲರ್ ಬಾಯಾರು 65 ಸರ್ತಿ ಬಟ್ಟಿ ಬದಲಿ ಮಾಡ್ಯಾರ. ಆ ವರ್ಷ ಅಮೆರಿಕಾದಾಗ ಎಲ್ಲಾಕ್ಕಿಂತ ಹೆಚ್ಚು ರೊಕ್ಕ ಗಳಿಸಿದ ಸಿನಿಮಾ, ಆದ್ರೂ ಖರ್ಚು ಎಷ್ಟಾಗಿತ್ತಂದ್ರ ಕಂಪನಿ ಮುಳುಗೋದೊಂದು ಬಾಕಿ. ಅಂದ್ರ ನನ್ನ ಕಪಾಟಿನ್ಯಾಗ ಇರಾಕಿ ರಾಣಿ ಅಲ್ಲ, ರಾಣಿ ವೇಷ ಹಾಕಿದ ನಟಿಯ ಗೊಂಬಿ. ಖರೇ ಕ್ಲಿಯೋಪಾತ್ರಾನ ಮುಖ ಅಕೀ ಕಾಲದ ನಾಣ್ಯದ ಮ್ಯಾಲ ಅದ, ಬಾಗಿದ ಮೂಗು, ಗಟ್ಟಿ ಗದ್ದ. ಅಂಥಾ ಮೂಗಿನ ಗೊಂಬಿ ಯಾರೂ ಮಾಡಲಿಲ್ಲ. ಅಕೀ ಮನೆತನ ಗ್ರೀಕರದ್ದು. ಅವರ ವಂಶದಾಗ ಈಜಿಪ್ತಿನ ಮಂದಿ ಭಾಷಾ ಕಲ್ತಾಕಿ ಇಕೀ ಒಬ್ಬಾಕಿನ ಅಂತ ಹಳೇ ಇತಿಹಾಸಕಾರ ಪ್ಲುಟಾರ್ಕ್ ಬರದಾನ. ಸತ್ತಿದ್ದು ಕ್ರಿಸ್ತಪೂರ್ವ 30ರಾಗ. ದೊಡ್ಡ ಪಿರಮಿಡ್ ಕಟ್ಟಿ ಅಷ್ಟೊತ್ತಿಗೆ 2500 ವರ್ಷ ಆಗಿದ್ವು! ನಮಗೂ ಅಕೀಗೂ ಇರೋ ಅಂತರ ಅದಕ್ಕಿಂತ ಕಡಿಮಿ.

ಮೂರನೇದಾಕಿ ಮೊಮ್ಮಗಳ ಪ್ರೀತಿಯಾಕಿ, 2010ರಾಗ ಬಂದ 'ಮಾನ್‌ಸ್ಟರ್ ಹೈ' ಗೊಂಬಿ, ಕ್ಲಿಯೋ ಡಿ ನೈಲ್. ಮಮ್ಮಿಯ ಮಗಳು, ಅಂದ್ರ ಹೆಣದ ಮಮ್ಮಿ ಮತ್ತ! ವಯಸ್ಸು 5842 ಅಂತ ಕಥಿ ಕಟ್ಯಾರ, ಸಾಕಿದ್ದು ನಾಗರಹಾವು. ಅಕೀ ಬಟ್ಟಿ ಮಮ್ಮಿಗೆ ಸುತ್ತೋ ಪಟ್ಟಿಯಂಗ ಅದ. ಇದು ಬರೇ ಚೇಷ್ಟೆ ಅಂತ ನಾ ಬಿಟ್ಟಿದ್ದೆ, ಆಮ್ಯಾಲ ಓದಿದಾಗ ತಿಳೀತು, ಈಜಿಪ್ತಿನ ಮಂದಿ ಹೆಣಕ್ಕ ಸುತ್ತತಿದ್ದ ಪಟ್ಟಿಯೊಳಗ ಭಾಳಷ್ಟು ಮನ್ಯಾಗ ಉಟ್ಟು, ಹಾಸಿ ಹಳೇದಾದ ನಾರಿನ ಬಟ್ಟಿ ಹರಿದು ಮಾಡಿದ್ದು. ನಾವು ಹಳೇ ಇಳಕಲ್ ಸೀರಿ ಹರಿದು ಕೌದಿ ಹೊಲೀತೀವಲ್ಲ, ಹಂಗ.

ಸಂಗ್ರಹ ಮಾಡೋ ಮಂದಿಯೊಳಗ ಒಂದು ಪದ್ಧತಿ ಅದ, ಡಬ್ಬಿ ಒಡೀಬಾರ್ದು. ಒಡೀದ ಗೊಂಬಿಗೆ ಬೆಲಿ ಜಾಸ್ತಿ. ನಾ ಮೂರೂ ಒಡದೀನಿ. ಬೆನ್ನು ನೋಡ್ಲಾರದ ಗೊಂಬಿಯಿಂದ ಏನು ಕಲಿಯೋದು? ಬಾರ್ಬಿ ಸೊಂಟದ ಹಿಂದ 1966 ಅಂತ ಒತ್ತಿರತಾರ, ಅದು ಅಚ್ಚಿನ ವರ್ಷ, ಗೊಂಬಿ ವಯಸ್ಸಲ್ಲ. ಅದನ್ನ ತೋರಿಸಿ ಜಾಸ್ತಿ ರೊಕ್ಕ ಕೇಳೋರಿದ್ದಾರ, ಎಚ್ಚರ ಇರ್ರಿ. ಕೊಳ್ಳಾಗಿನ ಅಗಲ ಮಣಿ ಪಟ್ಟಿ ಖರೇನ ಅವರ ಒಡವಿ, ಆದ್ರ ಅದು ಭಾರ ಆಗಿ ಮುಂದ ಜಾರಬಾರ್ದು ಅಂತ ಬೆನ್ನ ಮ್ಯಾಲ ಒಂದು ತೂಕದ ತುಂಡು ಇಳೀ ಬಿಡತಿದ್ರು. ನನ್ನ ಗೊಂಬಿಗಳ ಬೆನ್ನು ಖಾಲಿ. ಹಣಿ ಮ್ಯಾಲಿನ ಹಾವು ಖರೇನ ರಾಜಮನೆತನದ ಗುರುತು, ಕಾಡಿಗಿನೂ ಖರೇ, ಹಸಿರು ಕರಿ ಎರಡೂ ಕಲ್ಲು ಅರದು ಹಚ್ಚತಿದ್ರು. ಇಂಥ ಗೊಂಬಿಗಳಿಗೆ ಎಷ್ಟೋ ಸಲ ಹಾಕೋ ಪಟ್ಟಿಪಟ್ಟಿ ತಲಿಬಟ್ಟಿ ಮಾತ್ರ ರಾಜರದ್ದು, ರಾಣ್ಯಾರದ್ದಲ್ಲ. ಹತ್ಶೆಪ್ಸುತ್ ಹಾಕ್ಕೊಂಡಾಳ, ಆದ್ರ ಅಕೀ ತಾನೇ ರಾಜ ಅಂತ ಪಟ್ಟಕ್ಕ ಕೂತಾಕಿ, ಮೂರ್ತಿಯೊಳಗ ಗಡ್ಡಾನೂ ಅದ!

ಹಂಗಾದ್ರ ಈಜಿಪ್ತಿನ ಹುಡುಗ್ಯಾರು ಏನು ಆಡತಿದ್ರು? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ್ಯಾಗ ಸುಮಾರು 4000 ವರ್ಷದ ಕಟ್ಟಿಗಿ ಗೊಂಬಿ ಅದಾವ. ಚಪ್ಪಟಿ ಹಲಗಿ, ಕಾಲಿಲ್ಲ, ಮೈಮ್ಯಾಲ ಬಟ್ಟಿಯ ನಕ್ಷಿ ಬರದಾರ, ಮಣ್ಣಿನ ಮಣಿ ಪೋಣಿಸಿ ದಪ್ಪ ಕೂದಲು ಮಾಡ್ಯಾರ. ಆದ್ರ ಅವು ಸಿಕ್ಕಿದ್ದು ಗೋರಿಗಳೊಳಗ. ಆಟಿಗಿ ಅಲ್ಲ, ದೇವಿ ಮುಂದ ಕುಣಿಯೋರ ಗೊಂಬಿ ಅಂತ ಕೆಲವು ಪಂಡಿತರು ಹೇಳ್ತಾರ.

ಖರೇ ಆಟದ ಗೊಂಬಿ ಅಂತ ನನಗ ಅನಸಿದ್ದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ್ಯಾಗ ಅದ. ಈಜಿಪ್ತು ರೋಮನ್ನರ ಕೈಯಾಗ ಇದ್ದಾಗಿನದು. ಅಲ್ಲಿ ಮಳಿ ಇಲ್ಲ, ಒಣ ಮಳಲು, ಅದಕ್ಕ ಬಟ್ಟಿನೂ ಉಳದದ. ನಾವು ಸಣ್ಣವರಿದ್ದಾಗ ಮಾಡಿ ಮದುವಿ ಹಚ್ಚತಿದ್ದಂಥ ಚಿಂದಿ ಗೊಂಬಿನ ಅದು, ನಾರಿನ ಬಟ್ಟಿಯೊಳಗ ಚಿಂದಿ ತುಂಬ್ಯಾರ, ಜೊತಿಗೆ ಪಪೈರಸ್ ಕಾಗದದ ಚೂರೂ ತುರಕ್ಯಾರ. ಬಂಗಾರ ಇಲ್ಲ, ಹಾವಿಲ್ಲ, ಕಿರೀಟ ಇಲ್ಲ. ತಲಿಯ ಎಡಕ್ಕ ಒಂದೇ ಒಂದು ಬಣ್ಣದ ಗಾಜಿನ ಮಣಿ ಹಚ್ಯಾರ, ಕೂದಲಿಗೆ ಮುಡಿಸಿಧಂಗ.