ಸೈನಿಕನೊಬ್ಬನ ಕರುಳಿನಿಂದ ಬಂದ ಅಣುಜೀವಿ

ಮೊದಲನೆಯ ಮಹಾಯುದ್ಧದ ಪಾಠವೆಂದರೆ ಫಿರಂಗಿ, ಕಂದಕ, ವಿಷಾನಿಲಗಳ ಮಾತೇ ಹೆಚ್ಚು. ಭೇದಿ, ಆಮಶಂಕೆಗಳಿಂದ ನರಳಿದ ಸೈನಿಕರ ಪ್ರಸ್ತಾಪ ಪಠ್ಯಪುಸ್ತಕಗಳಲ್ಲಿ ವಿರಳ. ಜರ್ಮನಿಯ ಫ್ರೈಬುರ್ಗ್ ನಗರದ ವೈದ್ಯ ಆಲ್ಫ್ರೆಡ್ ನಿಸ್ಲೆಯ ಗಮನ ಸೆಳೆದದ್ದು ಮಾತ್ರ ಇದಕ್ಕೆ ವ್ಯತಿರಿಕ್ತವಾದ ಸಂಗತಿ. ಸುತ್ತಲಿನವರು ಹಾಸಿಗೆ ಹಿಡಿದಿರುವಾಗ ಒಬ್ಬನಿಗೆ ಏನೂ ಆಗದಿರಲು ಕಾರಣವೇನು? 1917ರಲ್ಲಿ ಅಂಥ ಸೈನಿಕನೊಬ್ಬನ ಮಲದಿಂದ ಆತ ಇ. ಕೋಲಿ ಬ್ಯಾಕ್ಟೀರಿಯಾದ ಒಂದು ತಳಿಯನ್ನು ಬೇರ್ಪಡಿಸಿದ.

ಇ. ಕೋಲಿ ಆಗ ಅಪರಿಚಿತವೇನಲ್ಲ. ಥಿಯೋಡೋರ್ ಎಶರಿಕ್ ಎಂಬ ಶಿಶುವೈದ್ಯ ಹಸುಗೂಸುಗಳ ಮಲದಲ್ಲಿ ಅದನ್ನು ಕಂಡು 1885ರಲ್ಲೇ ವರ್ಣಿಸಿದ್ದ. ನಿಸ್ಲೆ ಅದರ ಬೇರೆ ಬೇರೆ ತಳಿಗಳನ್ನು ರೋಗಾಣುಗಳೊಡನೆ ಕುಸ್ತಿಗೆ ಬಿಟ್ಟ. ಕೆಲವು ತಳಿಗಳು ರೋಗಾಣುಗಳನ್ನು ಮಣಿಸಿದವು, ಕೆಲವು ತಾವೇ ಸೋತವು. ಸೈನಿಕನ ತಳಿಯೋ ಜಗಜಟ್ಟಿ. ಅದನ್ನೇ ಗುಳಿಗೆಗಳಲ್ಲಿ ತುಂಬಿ ‘ಮ್ಯೂಟಾಫ್ಲೋರ್’ ಎಂಬ ಹೆಸರಿನ ಔಷಧವನ್ನಾಗಿಸಿದ. ಮಲದಿಂದ ಮದ್ದೇ ಎಂದು ಮೂಗು ಮುರಿಯುವವರು, ನಮ್ಮ ಮೊಸರಿನ ಹೆಪ್ಪಿನಲ್ಲಿರುವುದೂ ಜೀವಂತ ಬ್ಯಾಕ್ಟೀರಿಯಾಗಳೇ ಎಂಬುದನ್ನು ನೆನೆಯಬೇಕು.

ಇದರ ಗುಣ ಕುಸ್ತಿಯೊಂದರಲ್ಲೇ ಇರಲಿಲ್ಲ. ದೊಡ್ಡ ಕರುಳಿನ ಒಳಗೋಡೆಗೆ ಲೋಳೆಯ ಲೇಪವಿದೆ. ಅದರ ಹಿಂದೆ ರೋಗನಿರೋಧಕ ಕಣಗಳ ಕಾವಲು. ಕಾವಲು ಸಡಿಲವಾದರೆ ಸೋಂಕು, ಅತಿಯಾದರೆ ಉರಿಯೂತ. ವರ್ಷಗಟ್ಟಲೆ ಉಳಿದ ಉರಿಯೂತ ಕ್ಯಾನ್ಸರಿಗೆ ನೆಲವನ್ನು ಹದಮಾಡಿಕೊಡುತ್ತದೆ. ನಿಸ್ಲೆಯ ತಳಿ ಕರುಳಿನ ಕೋಶಗಳನ್ನು ಪ್ರಚೋದಿಸಿ ಡಿಫೆನ್ಸಿನ್ ಎಂಬ ರೋಗಾಣುನಾಶಕ ವಸ್ತುವನ್ನು ಸ್ರವಿಸುವಂತೆ ಮಾಡುತ್ತದೆಂದು ಪ್ರಯೋಗಗಳು ತೋರಿಸಿದವು. ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ವ್ಯಾಧಿ ಮರುಕಳಿಸದಂತೆ ತಡೆಯುವುದರಲ್ಲಿ ಅದು ರೂಢಿಯ ಔಷಧವಾದ ಮೆಸಲಜೀನಿಗೆ ಸರಿಸಮವೆಂದು, 327 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕಂಡುಬಂದಿತು.

ಕಥೆ ತಿರುವು ಪಡೆದದ್ದು 2006ರಲ್ಲಿ. ಕೆಲವು ಇ. ಕೋಲಿ ತಳಿಗಳು ಕೋಲಿಬ್ಯಾಕ್ಟಿನ್ ಎಂಬ ವಿಷವನ್ನು ತಯಾರಿಸುತ್ತವೆಂದೂ, ಅದು ನಮ್ಮ ಕೋಶಗಳ ಡಿಎನ್‌ಎಯ ಎರಡು ಎಳೆಗಳೂ ತುಂಡಾಗುವಂತೆ ಮಾಡುತ್ತದೆಂದೂ ಫ್ರಾನ್ಸಿನ ಟೂಲೂಸ್ ನಗರದ ಎರಿಕ್ ಓಸ್ವಾಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದರು. ಆ ವಿಷದ ಜೀನ್‌ಗಳು ನಿಸ್ಲೆಯ ತಳಿಯಲ್ಲೂ ಇದ್ದವು! ಆ ಜೀನ್‌ಗಳನ್ನು ಕೆಡಿಸಿದರೆ ಕರುಳಿನ ಉರಿಯೂತವನ್ನು ತಗ್ಗಿಸುವ ಗುಣವೂ ನಷ್ಟವಾಗುತ್ತದೆಂದು 2012ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತಿಳಿಯಿತು. ವಿಷ, ಮದ್ದುಗಳೆರಡೂ ಒಂದೇ ಬೇರಿನಿಂದ ಹೊರಟಿದ್ದವು. ಈ ಗುಳಿಗೆಯಿಂದ ಮನುಷ್ಯರಿಗೆ ಕ್ಯಾನ್ಸರ್ ಬಂದಿತೆಂದು ಸಿದ್ಧವಾಗಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಅದೇ ವರ್ಷ ಅಮೆರಿಕದ ವಿಜ್ಞಾನಿಗಳು ಉರಿಯೂತಪೀಡಿತ ಇಲಿಗಳಿಗೆ ವಿಷಕಾರಿ ಇ. ಕೋಲಿಯೊಂದನ್ನು ಕೊಟ್ಟು ನೋಡಿದರು. ವಿಷದ ಜೀನ್‌ಗಳನ್ನು ತೆಗೆದಾಗ ಗೆಡ್ಡೆಗಳು ಕಡಿಮೆಯಾದವು. ಉರಿಯೂತ ಮಾತ್ರ ಇದ್ದಂತೆಯೇ ಇತ್ತು. ನೆದರ್ಲೆಂಡ್ಸಿನ ಹಾನ್ಸ್ ಕ್ಲೆವರ್ಸ್ ಅವರ ತಂಡ ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕರುಳಿನ ಪುಟ್ಟ ಪ್ರತಿಕೃತಿಗಳನ್ನು ಐದು ತಿಂಗಳ ಕಾಲ ಇಂಥ ಬ್ಯಾಕ್ಟೀರಿಯಾಗಳಿಗೆ ಒಡ್ಡಿತು. ಡಿಎನ್‌ಎಯಲ್ಲಿ ಮೂಡಿದ ವಿಶಿಷ್ಟ ಗಾಯದ ಗುರುತು ಕೆಲವು ಕರುಳು ಕ್ಯಾನ್ಸರ್ ರೋಗಿಗಳ ಗೆಡ್ಡೆಗಳಲ್ಲಿಯೂ ಸಿಕ್ಕಿತು. ಅದು 2020ರ ಮಾತು. 11 ದೇಶಗಳ 981 ರೋಗಿಗಳ ಗೆಡ್ಡೆಗಳನ್ನು ಪರಿಶೀಲಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಪ್ಪತ್ತು ದಾಟಿದ ಮೇಲೆ ರೋಗ ಪತ್ತೆಯಾದವರಿಗಿಂತ ನಲವತ್ತರೊಳಗೆ ಪತ್ತೆಯಾದವರಲ್ಲಿ ಈ ಗುರುತು 3.3 ಪಟ್ಟು ಹೆಚ್ಚಾಗಿತ್ತು. ಇದು ಎಳೆಯ ವಯಸ್ಸಿನಲ್ಲೇ, ಬಹುಶಃ ಹತ್ತು ವರ್ಷ ತುಂಬುವ ಮೊದಲೇ ಬಿದ್ದ ಗಾಯವೆಂದು ಸಂಶೋಧಕರ ಊಹೆ. ಮಕ್ಕಳ ನಡುವೆಯೇ ಆಯುಷ್ಯ ಕಳೆದ ನನ್ನಂಥವರಿಗೆ ಈ ಮಾತು ಸುಲಭವಾಗಿ ಮರೆಯುವಂಥದ್ದಲ್ಲ.

ಟೂಲೂಸಿನವರು ನಿಸ್ಲೆಯ ತಳಿಯನ್ನು ಕೈಬಿಡಲಿಲ್ಲ. ವಿಷದ ತಯಾರಿಕೆಯಲ್ಲಿ ಪಾಲ್ಗೊಳ್ಳುವ ಒಂದು ಕಿಣ್ವವೇ ರೋಗಾಣುಗಳನ್ನು ಮಣಿಸುವ ಶಕ್ತಿಗೂ ಬೇಕಾಗಿತ್ತು. ಆ ಕಿಣ್ವವನ್ನು ತುಸು ಮಾರ್ಪಡಿಸಿ, ಡಿಎನ್‌ಎಗೆ ಗಾಯಮಾಡದೆ ಕುಸ್ತಿಯನ್ನು ಮಾತ್ರ ಉಳಿಸಿಕೊಂಡ ತಳಿಯನ್ನು ಅವರು 2019ರಲ್ಲಿ ಪ್ರಯೋಗಾಲಯದಲ್ಲಿ ಸಿದ್ಧಪಡಿಸಿದರು.