ಹಿಮದ ನಡುವೆ ಜ್ವರ

ಜೋಗುಪಾಳ್ಯದ ನಮ್ಮ ಬೀದಿಯ ತಿರುವಿನಲ್ಲಿ ಒಂದು ಹಳೆಯ ದುರಸ್ತಿ ಅಂಗಡಿಯಿದೆ. ಹಳೆ ಮದ್ರಾಸು ರಸ್ತೆಯ ಗದ್ದಲದಿಂದ ನಾಲ್ಕು ಹೆಜ್ಜೆ ಒಳಗೆ ಬಂದರೆ ಸಾಕು, ಎಣ್ಣೆಯ ಕಮಟು ವಾಸನೆಯೇ ಅದರ ವಿಳಾಸ ಹೇಳುತ್ತದೆ. ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೂ ಆ ಅಂಗಡಿಗೂ ಏನು ನಂಟು ಎಂದು ಕೇಳುಗರು ಆಶ್ಚರ್ಯಪಡಬಹುದು. ನಂಟು ಹುಟ್ಟಿದ್ದು 1986ರ ಬೇಸಿಗೆಯಲ್ಲಿ, ನನ್ನದೇ ತಪ್ಪಿನಿಂದ.

ಆಗ ನನ್ನ ಬಳಿ ಎರಡನೆಯ ಕೈಯಿಂದ ಕೊಂಡ, ಎರಡು ಸ್ಟ್ರೋಕಿನ ಒಂದು ಮೋಟಾರ್ ಸೈಕಲ್ ಇತ್ತು. ಅಂಥ ಎಂಜಿನ್ನಿಗೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಕೊಡಬೇಕು. ನಾಲ್ಕು ಕಾಸು ಉಳಿಸುವ ಆಸೆಗೆ ನಾನು ಎಣ್ಣೆಯನ್ನು ಕಡಿಮೆ ಹಾಕಿಸುತ್ತಿದ್ದೆ. ಒಂದು ಭಾನುವಾರ ಮಿತ್ರರೊಬ್ಬರನ್ನು ಹಿಂದೆ ಕೂರಿಸಿಕೊಂಡು ನಂದಿಬೆಟ್ಟ ಹತ್ತುವಾಗ ಬಂಡಿ ಮೊದಲು ಶಕ್ತಿಗುಂದಿತು. ಆಮೇಲೆ ಗೆಜ್ಜೆ ಕುಲುಕಿದಂತೆ ಒಂದು ಸಣ್ಣ ಸದ್ದು ಮಾಡಿತು. ಕೊನೆಗೆ ಕಿರ್ರೆಂದು ಕೂಗಿ, ಹಿಂದಿನ ಚಕ್ರ ಬಿಗಿದುಕೊಂಡು ನಿಂತೇಬಿಟ್ಟಿತು. ಮರುದಿನ ಅಂಗಡಿಯಲ್ಲಿ ಪಿಸ್ಟನ್ನನ್ನು ಹೊರತೆಗೆದು, ಅದರ ಮೈಮೇಲಿನ ಗೀರುಗಳನ್ನು ನನಗೆ ತೋರಿಸಿದವರು ಈಗಿನ ಮಾಲೀಕರ ತಂದೆ. ಅವರು ಕಂಟೋನ್ಮೆಂಟಿನ ಸೇನಾ ವರ್ಕ್‌ಷಾಪಿನಲ್ಲಿ ಕೆಲಸ ಕಲಿತವರು. ಅವರು ಬೈಯಲಿಲ್ಲ. "ಸಾರ್, ಇದು ಸಾಯೋದಕ್ಕೆ ಮುಂಚೆ ಮೂರು ಸಲ ಹೇಳಿದೆ. ನೀವು ಕೇಳಿಸಿಕೊಳ್ಳಲಿಲ್ಲ" ಎಂದರು, ಅಷ್ಟೇ.

ಈ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಎಷ್ಟೋ ವರ್ಷಗಳ ಮೇಲೆ ದಕ್ಷಿಣ ಧ್ರುವದ ಸಾಹಸಯಾತ್ರೆಗಳ ಚರಿತ್ರೆಯನ್ನು ಓದುವಾಗ, ಜಗತ್ತಿನ ಅತ್ಯಂತ ಶೀತಲವಾದ ನೆಲದಲ್ಲಿ ಒಂದು ಎಂಜಿನ್ ಅತಿ ಬಿಸಿಯಾಗಿ ಕೆಟ್ಟುನಿಂತ ಪ್ರಸಂಗ ಎದುರಾದಾಗ, ಅದೇ ಮಾತು ಮತ್ತೆ ಕಿವಿಯಲ್ಲಿ ಮೊಳಗಿತು. ಆ ಪ್ರಸಂಗವನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಸುತ್ತ ಹಿಮವೇ ಇರುವಲ್ಲಿ ಯಂತ್ರಕ್ಕೆ ಜ್ವರವೇಕೆ ಬರಬೇಕು? ಈ ಪ್ರಶ್ನೆಗೆ ಉತ್ತರ ಎಂಜಿನ್ನಿನ ಒಡಲಲ್ಲೇ ಇದೆ. ಎಂಜಿನ್ ಸುಡುವ ಇಂಧನದ ಶಕ್ತಿಯಲ್ಲಿ ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಮಾತ್ರ ಚಲನೆಯಾಗುತ್ತದೆ. ಉಳಿದುದೆಲ್ಲ ಶಾಖವಾಗಿ ಹೊಗೆಯ ಜೊತೆಗೂ ಸಿಲಿಂಡರಿನ ಗೋಡೆಗಳ ಮೂಲಕವೂ ಹೊರಗೆ ಹೋಗಬೇಕು. ಒಳಗೆ ಉರಿಯುವ ಜ್ವಾಲೆ 2000 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಪಿಸ್ಟನ್ನಿಗೆ ಬಳಸುವ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಹೀಗಿರುವಾಗ ಎಂಜಿನ್ ಬದುಕಿರುವುದು ಶಾಖ ಎಡೆಬಿಡದೆ ಹೊರಗೆ ಸಾಗುತ್ತಿರುವುದರಿಂದ. ಹೊರಗೆ ಎಷ್ಟು ಚಳಿ ಇದೆ ಎಂಬುದಕ್ಕಿಂತ, ಒಳಗಿನ ಶಾಖ ಆ ಚಳಿಯನ್ನು ತಲುಪಲು ದಾರಿಯಿದೆಯೇ ಎಂಬುದೇ ಮುಖ್ಯ. ಊಟೆ ತುಂಬಿ ಹರಿಯುತ್ತಿದ್ದರೂ ಬಿಂದಿಗೆಯಿಲ್ಲದವನ ಬಾಯಾರಿಕೆ ತೀರುವುದಿಲ್ಲ.

ಈ ದಾರಿಯನ್ನು ಕಟ್ಟಿಕೊಂಡದ್ದೇ ಮೋಟಾರು ವಾಹನದ ಚರಿತ್ರೆಯ ಒಂದು ಮುಖ್ಯ ಅಧ್ಯಾಯ. 1888ರ ಆಗಸ್ಟಿನಲ್ಲಿ ಬರ್ತಾ ಬೆನ್ಜ್ ಎಂಬ ಮಹಿಳೆ ತನ್ನ ಪತಿ ನಿರ್ಮಿಸಿದ ಮೂರು ಚಕ್ರದ ಬಂಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೋದಳು. ಆ ಬಂಡಿಯಲ್ಲಿ ಎಂಜಿನ್ನನ್ನು ತಣಿಸಿದ ನೀರು ಆವಿಯಾಗಿ ಹೋಗಿಬಿಡುತ್ತಿತ್ತು. ದಾರಿಯುದ್ದಕ್ಕೂ ಮತ್ತೆ ಮತ್ತೆ ನೀರು ತುಂಬಬೇಕಾಯಿತು. 1901ರ ಮರ್ಸಿಡಿಸ್ ಕಾರಿಗೆ ವಿಲ್ಹೆಲ್ಮ್ ಮೈಬಾಖ್ ಜೇನುಗೂಡಿನಂಥ ರೇಡಿಯೇಟರನ್ನು ಅಳವಡಿಸಿದ ಮೇಲೆ ಅದೇ ನೀರು ಮತ್ತೆ ಮತ್ತೆ ಸುತ್ತಿ ಬರುವುದು ಸುಲಭವಾಯಿತು. ಆಗುಂಬೆಯ ಘಾಟಿ ಹತ್ತಿದ ಬಸ್ಸು ಮುಚ್ಚಳ ತೆರೆದು ಬುಸುಗುಟ್ಟುತ್ತ ನಿಂತದ್ದನ್ನು ಕಂಡ ನಮ್ಮ ತಲೆಮಾರಿಗೆ ರೇಡಿಯೇಟರಿನ ಕಷ್ಟಸುಖ ಹೊಸದಲ್ಲ. ಇನ್ನು ನೀರಿಲ್ಲದೆ, ಸಿಲಿಂಡರಿನ ಸುತ್ತ ರೆಕ್ಕೆಗಳನ್ನಿಟ್ಟು ಗಾಳಿಯಿಂದಲೇ ತಣಿಸುವುದು ಎರಡನೆಯ ಹಾದಿ. 1961ರಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮೋಟಾರ್ ಸೈಕಲ್ಲುಗಳು ಈ ಜಾತಿಗೆ ಸೇರಿದವು. ಈ ಹಾದಿಗೆ ಒಂದು ಷರತ್ತಿದೆ: ಗಾಳಿ ಬೀಸುತ್ತಿರಬೇಕು. ಬಂಡಿ ನಿಧಾನವಾಗಿ ಹತ್ತುವಾಗ, ಅದರಲ್ಲೂ ಗಾಳಿ ಹಿಂದಿನಿಂದ ಬರುವಾಗ, ರೆಕ್ಕೆಗಳ ನಡುವೆ ಗಾಳಿ ನಿಶ್ಚಲವಾಗುತ್ತದೆ. ನಂದಿಬೆಟ್ಟದಲ್ಲಿ ನನ್ನ ಕಂಜೂಸುತನದ ಜೊತೆಗೆ ಇದೂ ಕೈಗೂಡಿತ್ತು.

ಈಗ ಧ್ರುವದ ಕಥೆಗೆ ಬರೋಣ. ಕ್ಯಾಪ್ಟನ್ ರಾಬರ್ಟ್ ಸ್ಕಾಟ್ 1910ರಲ್ಲಿ ದಕ್ಷಿಣ ಧ್ರುವಕ್ಕೆಂದು ಹೊರಟಾಗ ಕುದುರೆ ನಾಯಿಗಳ ಜೊತೆಗೆ ಮೂರು ಮೋಟಾರು ಹಿಮಬಂಡಿಗಳನ್ನೂ ಒಯ್ದಿದ್ದ. ಅವು ವೂಲ್ಸ್‌ಲೀ ಸಂಸ್ಥೆ ನಿರ್ಮಿಸಿದವು. ಸರಪಳಿಯಂಥ ಪಟ್ಟಿಗಳ ಮೇಲೆ ಚಲಿಸುವಂಥವು. ಗಾಳಿಯಿಂದ ತಣಿಯುವ, ನಾಲ್ಕು ಸಿಲಿಂಡರಿನ ಎಂಜಿನ್ ಉಳ್ಳವು. ಅವುಗಳ ಹಿಂದೆ ವರ್ಷಗಟ್ಟಲೆ ದುಡಿದವನು ರೆಜಿನಾಲ್ಡ್ ಸ್ಕೆಲ್ಟನ್. ಸ್ಕಾಟನ ಮೊದಲ ಯಾತ್ರೆಯಲ್ಲಿ ಹಡಗಿನ ಎಂಜಿನಿಯರ್ ಆಗಿದ್ದವನು. ಫ್ರಾನ್ಸಿನ ಮತ್ತು ನಾರ್ವೆಯ ಹಿಮದ ಮೇಲೆ ಅವುಗಳ ಪರೀಕ್ಷೆಗಳು ನಡೆದಿದ್ದವು. ಯಾತ್ರೆಗೆ ಆಳುಗಳನ್ನು ಆರಿಸುವಾಗ ಮಾತ್ರ ಒಂದು ವಿಚಿತ್ರ ತೊಡಕು ಎದ್ದಿತು. ಸ್ಕಾಟನ ಎರಡನೆಯ ಅಧಿಕಾರಿಯಾಗಿದ್ದ ಲೆಫ್ಟಿನೆಂಟ್ ಎಡ್ವರ್ಡ್ ಎವನ್ಸ್‌ಗಿಂತ ನೌಕಾದಳದಲ್ಲಿ ಸ್ಕೆಲ್ಟನ್ನನ ಪದವಿ ದೊಡ್ಡದು. ತನ್ನ ಕೈಕೆಳಗೆ ತನಗಿಂತ ಹಿರಿಯ ಪದವಿಯವನು ಇರಲಾಗದು ಎಂದು ಎವನ್ಸ್ ಆಕ್ಷೇಪಿಸಿದ. ಬಂಡಿಗಳು ಹಡಗನ್ನೇರಿದವು, ಅವುಗಳ ನಾಡಿ ಬಲ್ಲವನು ಇಂಗ್ಲೆಂಡಿನಲ್ಲಿಯೇ ಉಳಿದ.

1911ರ ಜನವರಿ 8ರಂದು ಹಡಗಿನಿಂದ ಇಳಿಸುವಾಗ ಒಂದು ಬಂಡಿ ಸಮುದ್ರದ ಮೇಲಿನ ಹಿಮಗಡ್ಡೆ ಒಡೆದು ತಳ ಸೇರಿತು. ಉಳಿದ ಎರಡು ಅಕ್ಟೋಬರ್ 24ರಂದು ಎವನ್ಸ್, ಬರ್ನಾರ್ಡ್ ಡೇ, ವಿಲಿಯಂ ಲ್ಯಾಶ್ಲಿ ಮತ್ತು ಹೂಪರ್ ಎಂಬ ನಾಲ್ವರೊಂದಿಗೆ ದಕ್ಷಿಣಕ್ಕೆ ಹೊರಟವು. ಡೇ ಅನನುಭವಿಯಲ್ಲ, ಅಂಟಾರ್ಕ್ಟಿಕಾದಲ್ಲಿ ಮೊದಲ ಮೋಟಾರು ಕಾರನ್ನು ಶ್ಯಾಕಲ್ಟನ್ನನ ಯಾತ್ರೆಯಲ್ಲಿ ಓಡಿಸಿದವನು ಅವನೇ. ಆದರೆ ಭಾರ ಎಳೆಯುತ್ತ ನಡಿಗೆಯ ವೇಗದಲ್ಲಿ ತೆವಳುತ್ತಿದ್ದ ಬಂಡಿಗಳಿಗೆ ತಣಿಸುವ ಗಾಳಿ ಎಲ್ಲಿಂದ ಬರಬೇಕು? ಸ್ವಲ್ಪ ದೂರ ಹೋಗುವಷ್ಟರಲ್ಲಿ ಸಿಲಿಂಡರುಗಳು ಕಾದುಹೋಗುತ್ತಿದ್ದವು. ತಣಿಯಲೆಂದು ನಿಲ್ಲಿಸಿದರೆ ಇಂಧನವನ್ನು ಆವಿಯಾಗಿಸುವ ಕಾರ್ಬೊರೇಟರು ಚಳಿಗೆ ಸೆಡೆತು, ಮತ್ತೆ ಹೊರಡುವುದೇ ದುಸ್ತರವಾಗುತ್ತಿತ್ತು. ಒಂದೇ ಯಂತ್ರಕ್ಕೆ ಏಕಕಾಲದಲ್ಲಿ ಜ್ವರವೂ ಚಳಿಯೂ! ಕೊನೆಗೆ ಪಿಸ್ಟನ್ನಿನ ದಂಡವನ್ನು ಹಿಡಿದಿರುವ ದೊಡ್ಡ ಬೇರಿಂಗುಗಳು ಒಡೆದವು. ನವೆಂಬರ್ 1ರ ಹೊತ್ತಿಗೆ ಎರಡು ಬಂಡಿಗಳನ್ನೂ ಹಿಮದಲ್ಲಿಯೇ ಬಿಟ್ಟು, ಆ ನಾಲ್ವರು ಸಾಮಾನನ್ನು ಹೆಗಲ ಬಲದಿಂದ ಎಳೆಯತೊಡಗಿದರು.

ಮುಂದಿನದು ಲೋಕಕ್ಕೆ ಗೊತ್ತಿರುವ ದುರಂತ. ಅಮುಂಡ್‌ಸೆನ್ ನಾಯಿಗಳ ಬಲದಿಂದ 1911ರ ಡಿಸೆಂಬರ್ 14ರಂದು ಧ್ರುವ ಮುಟ್ಟಿದ. ಸ್ಕಾಟ್ 1912ರ ಜನವರಿ 17ರಂದು ಮುಟ್ಟಿ, ಹಿಂದಿರುಗುವಾಗ ಜೊತೆಗಾರರೊಡನೆ ಮಡಿದ. ಮೋಟಾರುಗಳು ಕೆಟ್ಟದ್ದೇ ಈ ಸಾವುಗಳಿಗೆ ಕಾರಣವೆಂದು ನಾನು ಹೇಳಲಾರೆ. ಚರಿತ್ರೆಯ ಕಾರಣಗಳು ಅಷ್ಟು ಸರಳವಲ್ಲ. ಸ್ಕೆಲ್ಟನ್ ಜೊತೆಗಿದ್ದಿದ್ದರೆ ಬೇರಿಂಗು ಒಡೆಯುತ್ತಲೇ ಇರಲಿಲ್ಲವೆಂದೂ ಪ್ರಮಾಣ ಮಾಡಲಾರೆ. ಆದರೆ ಯಂತ್ರದ ಮೊದಲ ನರಳಿಕೆಯನ್ನು ಗುರುತಿಸಬಲ್ಲ ಕಿವಿಯನ್ನು ಪದವಿಯ ಲೆಕ್ಕಾಚಾರಕ್ಕಾಗಿ ಮನೆಯಲ್ಲಿ ಬಿಟ್ಟುಹೋದದ್ದು ಮಾತ್ರ ದಿಟ. ಇನ್ನೊಂದು ವಿಪರ್ಯಾಸವನ್ನೂ ಗಮನಿಸಬೇಕು. 1912ರ ಫೆಬ್ರವರಿಯಲ್ಲಿ ಹಿಂದಿರುಗುವ ಹಾದಿಯಲ್ಲಿ ಸ್ಕರ್ವಿ ರೋಗದಿಂದ ಸಾಯುವಂತಾಗಿದ್ದ ಎವನ್ಸನನ್ನು ಬದುಕಿಸಿದವರು, ಹಡಗಿನ ಒಲೆಗೆ ಕಲ್ಲಿದ್ದಲು ಉಣಿಸುವವರ ಮೇಸ್ತ್ರಿಯಾಗಿದ್ದ ಲ್ಯಾಶ್ಲಿ ಮತ್ತು ಟಾಮ್ ಕ್ರೀನ್ ಎಂಬ ನಾವಿಕ. ಪದವಿಗೆ ಅಷ್ಟು ಬೆಲೆ ಕಟ್ಟಿದವನ ಪ್ರಾಣವನ್ನು ಉಳಿಸಿದ್ದು ಪದವಿಯಿಲ್ಲದವರ ನಿಷ್ಠೆ. ಸ್ಕೆಲ್ಟನ್ ಮುಂದೆ ಬ್ರಿಟಿಷ್ ನೌಕಾದಳದ ಮುಖ್ಯ ಎಂಜಿನಿಯರೇ ಆದ.

ಆಮೇಲೆ ಹಿಮಬಂಡಿ ಬಹಳ ದೂರ ಸಾಗಿ ಬಂದಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೇ 1959ರಲ್ಲಿ ಸ್ಕೀ-ಡೂ ಎಂಬ ಹಗುರವಾದ ಬಂಡಿಯನ್ನು ಮಾರುಕಟ್ಟೆಗೆ ತಂದ. ನಮ್ಮ ಸೈನಿಕರು ಸಿಯಾಚಿನ್ ಹಿಮನದಿಯ ಮೇಲೆ ಇಂಥ ಸ್ಕೂಟರುಗಳನ್ನು ಬಳಸಿದ್ದಾರೆ. ಈಗಿನ ಹಲವು ಬಂಡಿಗಳಲ್ಲಿ ಶಾಖ ಹೊತ್ತ ದ್ರವ ಬಂಡಿಯ ಹೊಟ್ಟೆಯಡಿಯ ಲೋಹದ ಕೊಳವೆಗಳಲ್ಲಿ ಹರಿಯುತ್ತದೆ. ಓಡುವ ಪಟ್ಟಿ ಎರಚಿದ ಪುಡಿಹಿಮ ಅದನ್ನು ತಣಿಸುತ್ತದೆ. ಹಾಗಾಗಿ ಗಟ್ಟಿಯಾದ ಬರಿಯ ನೀರ್ಗಲ್ಲಿನ ಮೇಲೆ ಓಡಿಸಿದರೆ ಪುಡಿ ಎರಚದೆ ಬಂಡಿ ಕಾದುಹೋಗುತ್ತದೆ. ಅದಕ್ಕೆಂದೇ ನೆಲವನ್ನು ಗೀಚಿ ಪುಡಿಹಿಮ ಎಬ್ಬಿಸುವ ಸಣ್ಣ ಕಡ್ಡಿಗಳನ್ನು ಕಟ್ಟುತ್ತಾರೆ; ಮೆತ್ತನೆಯ ಹಿಮ ಕಂಡಲ್ಲಿ ಅದರತ್ತ ಬಂಡಿ ತಿರುಗಿಸುತ್ತಾರೆ.

ಉಳಿದ ಎಚ್ಚರಿಕೆಗಳು ಧ್ರುವಕ್ಕೂ ಜೋಗುಪಾಳ್ಯಕ್ಕೂ ಒಂದೇ. ಗಾಳಿಯ ರೆಕ್ಕೆಗಳಲ್ಲಿ ಕೆಸರು ಕಟ್ಟದಂತೆ ನೋಡಿಕೊಳ್ಳುವುದು; ಹೊಗೆಕೊಳವೆಯಲ್ಲಿ ಮಸಿ ತುಂಬದಂತೆ ಶುಚಿಗೊಳಿಸುವುದು; ಎಣ್ಣೆಯಲ್ಲಿ ಜಿಪುಣತನ ಮಾಡದಿರುವುದು; ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದ ಮಿಶ್ರಣ ಹೆಚ್ಚು ಕಾವು ಎಬ್ಬಿಸುತ್ತದೆಂಬುದನ್ನು ನೆನಪಿಡುವುದು; ಕಾದ ರೇಡಿಯೇಟರಿನ ಮುಚ್ಚಳವನ್ನು ಆರುವ ಮೊದಲು ತೆರೆಯದಿರುವುದು, ಏಕೆಂದರೆ ಒಳಗೆ ಒತ್ತಡದಲ್ಲಿರುವ ನೀರು ಕುದಿದು ಮುಖಕ್ಕೇ ಚಿಮ್ಮುತ್ತದೆ.

ನಮ್ಮ ಬೀದಿಯ ಅಂಗಡಿಯಲ್ಲಿ ಈಗ ಮಗ ಕೂತಿದ್ದಾರೆ. ಎರಡು ಸ್ಟ್ರೋಕಿನ ಬಂಡಿಗಳು ವಿರಳವಾಗಿವೆ. ಆದರೂ ಯಾರಾದರೂ ಹಳೆಯದೊಂದನ್ನು ತಂದರೆ ಅವರು ಮೊದಲು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಬಿಸಿಲಿಗೆ ಹಿಡಿಯುತ್ತಾರೆ. ತುದಿ ಕಾಫಿಪುಡಿಯ ಬಣ್ಣವಿದ್ದರೆ ಆರೋಗ್ಯ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಜ್ವರ, ಮಸಿಯಾಗಿದ್ದರೆ ಅಜೀರ್ಣ. ಹೀಗೆಂದು ತಂದೆ ಹೇಳಿಕೊಟ್ಟ ಪಾಠ. ಅದನ್ನು ನೋಡುತ್ತ ನಿಂತಾಗಲೆಲ್ಲ ನನಗೆ ಆ ದೂರದ ಹಿಮದಲ್ಲಿ ಹೂತುಹೋದ ಎರಡು ಬಂಡಿಗಳು ನೆನಪಾಗುತ್ತವೆ. ಅವೂ ಸಾಯುವ ಮುಂಚೆ ಹೇಳಿದ್ದವು. ಕೇಳಬಲ್ಲವನೊಬ್ಬ ಇದ್ದ. ಆದರೆ ಅವನನ್ನು ಕರೆದುಕೊಂಡು ಹೋಗಿರಲಿಲ್ಲ.